ಚಿಕ್ಕದಾದರೆ ಸಾಕು ಅನಿಸುತ್ತದೆ

ಪ್ರಶ್ನೆ: ನನಗೆ 29 ವರ್ಷ. ಹೆಣ್ಣು ಎಂದು ಬೆಳೆಸಿದರು. ಆದರೆ ನನ್ನನ್ನು ಹೆಣ್ಣು ಅಂತಲೂ ಗಂಡು ಅಂತಲೂ ಅಂದುಕೊಂಡಿಲ್ಲ. ಎದೆ ಬಿಗಿಯುವ ಬೈಂಡರ್ ಹಾಕಿ ಹಾಕಿ ಪಕ್ಕೆ ನೋಯುತ್ತಿದೆ. ಸ್ತನ ಪೂರ್ತಿ ತೆಗೆಸುವುದು ಬೇಡ, ಚಿಕ್ಕದಾದರೆ ಸಾಕು ಅನಿಸುತ್ತದೆ. ಆಪರೇಷನ್ ಹೇಗಿರುತ್ತದೆ?

ಉತ್ತರ: 'ಸಾಕು' ಅಂದರೆ ಎಷ್ಟು? ನನ್ನ ಬಳಿ ಬರುವವರಿಗೆಲ್ಲ ಮೊದಲು ಕೇಳುವುದು ಇದನ್ನೇ. ಶರ್ಟ್ ಹಾಕಿ ಕನ್ನಡಿ ಮುಂದೆ ನಿಂತರೆ ಏನು ಕಾಣಬೇಕು? ಚಿಕ್ಕದು ಮಾಡುವುದೇ ಬೇರೆ, ಎದೆ ಚಪ್ಪಟೆ ಮಾಡುವುದೇ ಬೇರೆ. ಚಿಕ್ಕದು ಮಾಡಿದಾಗ ಗ್ರಂಥಿ ಸ್ವಲ್ಪ ಉಳಿಯುತ್ತದೆ. ತೂಕ ಏರಿದರೆ ಮತ್ತೆ ದಪ್ಪಗಾಗಬಹುದು. ಕ್ಯಾನ್ಸರ್ ತಪಾಸಣೆಯನ್ನೂ ಬಿಡುವಂತಿಲ್ಲ.

ಪೂರ್ತಿ ಅರಿವಳಿಕೆ ಕೊಡುತ್ತಾರೆ, ಎರಡರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಸಾಮಾನ್ಯವಾಗಿ ಮೊಲೆತೊಟ್ಟಿನ ಸುತ್ತ, ಅಲ್ಲಿಂದ ಕೆಳಕ್ಕೆ, ಸ್ತನದ ಅಡಿಯಲ್ಲಿ ಗಾಯದ ಗೆರೆ ಬರುತ್ತದೆ. ಅದು ಮಾಸಲು ಒಂದು ವರ್ಷವಾದರೂ ಬೇಕು, ಪೂರ್ತಿ ಅಳಿಯುವುದಿಲ್ಲ. ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು. ಮುಂದೆ ಹಾಲೂಡಿಸುವ ಆಸೆಯಿದ್ದರೆ ಈಗಲೇ ಹೇಳಿ, ಅದಕ್ಕೂ ತೊಂದರೆ ಆಗಬಹುದು.

ಕುಳಿತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದು. ಭಾರ ಎತ್ತುವುದು ಮಾತ್ರ ನಾಲ್ಕರಿಂದ ಆರು ವಾರ ಬೇಡ. ಮೊದಲ ವಾರ ತಲೆ ಬಾಚಲೂ ಯಾರಾದರೂ ಬೇಕಾಗಬಹುದು! ಊತ ಇಳಿಯಲು ತಿಂಗಳುಗಳು ಬೇಕು. ಹಾಗಾಗಿ ಬ್ಯಾಂಡೇಜ್ ಬಿಚ್ಚಿದ ದಿನವೇ ಕನ್ನಡಿ ನೋಡಿ ಅಳಬೇಡಿ. ಸಿಗರೇಟ್ ಸೇದುತ್ತೀರಾ? ಕನಿಷ್ಠ ನಾಲ್ಕು ವಾರ ಮೊದಲೇ ಬಿಡಿ, ಇಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ.

ಪಕ್ಕೆ ನೋವಿದೆ ಅಂದಿರಿ, ಅಲ್ವಾ? ರಾತ್ರಿ ಬೈಂಡರ್ ತೆಗೆದು ಮಲಗಿ. ಅದಕ್ಕೆ ಆಪರೇಷನ್‌ವರೆಗೆ ಕಾಯಬೇಕಿಲ್ಲ.