ಕೆಲಸ ಬಿಟ್ಟ ಮೇಲೆ ಬರೆಯುವುದು: ಮೊದಲು ರಿಲೀವಿಂಗ್ ಲೆಟರ್
ಬ್ಯಾಂಕ್ ಕೆಲಸ ಬಿಟ್ಟು ಅಲ್ಲಿನ ಸರಿ-ತಪ್ಪಿನ ಬಗ್ಗೆ ಬರೆಯಲು ಕೂತರೆ ಬರೀ ಉಪದೇಶ ಬರುತ್ತಿದೆ, ಕೇಸ್ ಹಾಕಿಬಿಟ್ಟರೆ ಅನ್ನೋ ಭಯ ಬೇರೆ ಅಂದಿರಿ. ಎರಡಕ್ಕೂ ಕಾರಣ ಬಹುಶಃ ಒಂದೇ. ನೀವು ಬರೆಯುತ್ತಿರುವುದು ಮ್ಯಾನೇಜರ್ ಬಗ್ಗೆ, ನಡೆದದ್ದರ ಬಗ್ಗೆ ಅಲ್ಲ.

ಮೊದಲು ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಅಂತ ಬ್ಯಾಂಕ್ ಕೊಡುವ ಪತ್ರ), ಬಾಕಿ ಸಂಬಳ ಕೈಗೆ ಬರಲಿ. ಅಲ್ಲಿಯವರೆಗೆ ಏನನ್ನೂ ಪ್ರಕಟಿಸಬೇಡಿ. ಆಮೇಲೆ ಆಫರ್ ಲೆಟರ್ ತೆಗೆದು ಗೋಪ್ಯತೆಯ ಷರತ್ತು ಓದಿ. ಅದು ಎಷ್ಟು ಬಿಗಿಯಾಗಿದೆ ಅಂತ ನೋಡದೆ ಹೇಳಲಾರೆ, ವಕೀಲರಿಗೆ ಒಂದು ಸಲ ತೋರಿಸಿ. ಗ್ರಾಹಕರ ದಾಖಲೆಯ ಫೋಟೋ ಮೊಬೈಲ್‌ನಲ್ಲಿದ್ದರೆ ಅದನ್ನಂತೂ ಬಳಸಲೇಬೇಡಿ.

ನಾನೂ ಬ್ಯಾಂಕಿನಲ್ಲಿ ಎಫ್‌ಡಿ ಮಾಡಲು ಬಂದವರಿಗೆ ವಿಮೆ ಅಂಟಿಸುವ ಕಡೆ ಇದ್ದೆ. ನನ್ನ ಮೊದಲ ಬರಹದಲ್ಲಿ 'ಪ್ರಾಮಾಣಿಕತೆ' ಅನ್ನೋ ಪದ ಹನ್ನೊಂದು ಸಲ ಇತ್ತು! ಎಲ್ಲ ಹೊಡೆದುಹಾಕಿ ಒಂದೇ ದೃಶ್ಯ ಉಳಿಸಿಕೊಂಡೆ: ಫಾರಂ ತುಂಬಾ ಪೆನ್ಸಿಲ್‌ನಲ್ಲಿ ಇಂಟು ಗುರುತು ಹಾಕಿಕೊಟ್ಟದ್ದು ನಾನು, ಆ ಜಾಗದಲ್ಲೆಲ್ಲ ನಿಧಾನವಾಗಿ ಸಹಿ ಹಾಕಿದ್ದು ಒಬ್ಬ ಅಜ್ಜಿ. ನೀವೂ ನಿಮ್ಮ ಪಾಲೂ ಇದ್ದ ಒಂದು ಘಟನೆಯಿಂದ ಶುರು ಮಾಡಿ. ಅಲ್ಲಿ ಉಪದೇಶಕ್ಕೆ ಬಾಯಿ ಬರೋದಿಲ್ಲ, ಅಲ್ವಾ?

ಸುಮ್ನೆ ಹೆಸರು ಬದಲಿಸಿದರೆ ಸಾಲದು. ಶಾಖೆ, ಊರು, ಹುದ್ದೆ ಯಾವುದರಿಂದಲೂ ಗುರುತು ಸಿಗಬಾರದು. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ ಮಾನನಷ್ಟಕ್ಕೆ 2 ವರ್ಷದವರೆಗೆ ಜೈಲು ಇದೆ. ಬರೆದದ್ದು ನಿಜ ಅಂದರಷ್ಟೇ ಆಗದು, ಅದು ಸಾರ್ವಜನಿಕರ ಹಿತಕ್ಕೆ ಅಂತಲೂ ತೋರಿಸಬೇಕು.

ಕೊನೆಗೆ ಓದುವವರ ಕೆಲಸಕ್ಕೆ ಬರುವ ಒಂದು ಮಾತು ಸೇರಿಸಿ. ಉದಾಹರಣೆಗೆ, ವಿಮಾ ಪಾಲಿಸಿ ಕೈಸೇರಿದ 30 ದಿನದೊಳಗೆ ಫ್ರೀ ಲುಕ್‌ನಲ್ಲಿ (ಓದಿ ನೋಡಿ ಬೇಡ ಅನ್ನಲು ಸಿಗುವ ಅವಧಿ) ಅದನ್ನು ವಾಪಸ್ ಕೊಡಬಹುದು. ಸಣ್ಣಪುಟ್ಟ ಖರ್ಚು ಕಳೆದು ದುಡ್ಡು ಬರುತ್ತದೆ.