ಸುಮ್ನೆ ಕೂತರೂ ಸಿಟ್ಟಿನ ಮುಖ ಅನ್ನಿಸೋದು ಯಾಕೆ?

ಸುಮ್ನೆ ಕೂತಿದ್ದರೂ ‘ಯಾಕೆ ಸಿಟ್ಟು?’ ಅಂತ ಎಲ್ಲರೂ ಕೇಳುತ್ತಾರೆ, ನನ್ನ ಸ್ವಭಾವವೇ ಸರಿ ಇಲ್ವಾ ಅಂತ ಕೇಳಿದ್ದೀರಿ. ಖಂಡಿತ ಹಾಗಲ್ಲ. ಕೆಲವರ ಹುಬ್ಬು ಹುಟ್ಟಿನಿಂದಲೇ ಕಣ್ಣಿಗೆ ಹತ್ತಿರ ಇರುತ್ತದೆ, ತುಟಿ ತೆಳ್ಳಗಿರುತ್ತದೆ. ಸಿಟ್ಟು ಬಂದಾಗ ಯಾರ ಮುಖವಾದರೂ ಹೀಗೇ ಆಗುತ್ತದೆ ಅಲ್ವಾ? ನೋಡುವವರು ಆ ಹೋಲಿಕೆಯನ್ನೇ ಭಾವನೆ ಅಂದುಕೊಳ್ಳುತ್ತಾರೆ. 2009ರಲ್ಲಿ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಸಂಗಡಿಗರು ಭಾವನೆಯಿಲ್ಲದ ಮುಖಗಳ ಫೋಟೋಗಳನ್ನು ಕಂಪ್ಯೂಟರ್‌ನಿಂದ ಪರೀಕ್ಷಿಸಿದಾಗ ಕಂಡಿದ್ದೂ ಇದೇ. ಜನರಿಗೆ ಬೆದರಿಸುವಂತೆ ಕಂಡ ಮುಖಗಳಲ್ಲಿ ಸಿಟ್ಟಿನ ಸಣ್ಣ ಹೋಲಿಕೆ ಇತ್ತು.

ಇನ್ನೊಂದು ವಿಷಯ. ತಲೆ ತಗ್ಗಿಸಿದಾಗ ಹುಬ್ಬು ಇನ್ನೂ ಕೆಳಗಿಳಿದಂತೆ ಕಾಣುತ್ತದೆ. ಮೊಬೈಲ್ ನೋಡುತ್ತಾ ಕಣ್ಣಷ್ಟೇ ಎತ್ತಿದಾಗ ಆಗೋದು ಅದೇ. ಯಾರಾದರೂ ಮಾತಾಡಿಸಿದರೆ ಗದ್ದವನ್ನೂ ಸ್ವಲ್ಪ ಎತ್ತಿ. ಇಡೀ ದಿನ ಬಲವಂತವಾಗಿ ನಗುತ್ತಾ ಇರೋದು ಮಾತ್ರ ಬೇಡ.