ತುಳಸಿ ಒಣಗಿತು, ಪರಿಮಳ ಎಲ್ಲಿ ಹೋಯಿತು?

ಪ್ರಶ್ನೆ: ಕಷಾಯದ ಪುಡಿಗೆಂದು ತುಳಸಿ, ಮಜ್ಜಿಗೆಹುಲ್ಲು (ಲೆಮನ್ ಗ್ರಾಸ್) ಎರಡನ್ನೂ ಅಂಗಳದಲ್ಲಿ ಅಡಿಕೆ ಜೊತೆ ಬಿಸಿಲಿಗೆ ಹಾಕಿದೆ. ಎರಡೇ ದಿನದಲ್ಲಿ ಗರಿಗರಿಯಾಯಿತು. ಆದರೆ ಬಣ್ಣ ಹುಲ್ಲಿನಂತೆ, ಪರಿಮಳವೇ ಇಲ್ಲ. ಯಾಕೆ?
— ಓದುಗರು, ಬದಿಯಡ್ಕ

ಉತ್ತರ: ಅಡಿಕೆಗೆ ಬೇಕಾದ ಬಿಸಿಲು ತುಳಸಿಗೆ ಬೇಡ, ಅಕ್ಕ. ತುಳಸಿಯ ಘಮ ಇರುವುದು ಎಲೆಯೊಳಗಿನ ಎಣ್ಣೆಯಲ್ಲಿ. ಲವಂಗದಲ್ಲಿರುವ ಯೂಜಿನಾಲ್ ಎಂಬ ಪರಿಮಳದ ಅಂಶ ಇದರಲ್ಲೂ ಇದೆ. ಬಿಸಿ ಜಾಸ್ತಿಯಾದರೆ ಅದು ನೀರಿನ ಜೊತೆಗೇ ಹಾರಿಹೋಗುತ್ತದೆ. ಹಸಿರು ಬಣ್ಣವನ್ನು ಬಿಸಿಲು ಕೆಡಿಸುತ್ತದೆ.

ನಾನೂ ಮೊದಲ ವರ್ಷ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನೊಳಗೆ ಹರಡಿ ಜಾಣನಾದೆ ಅಂದುಕೊಂಡಿದ್ದೆ. ಸಂಜೆಗೆ ಮುಟ್ಟಿದರೆ ಪುಡಿ, ಮೂಸಿದರೆ ಒಣಹುಲ್ಲು. ಮರುವರ್ಷ ಕೊಬ್ಬರಿ ಒಣಗಿಸುವ ಹೊಗೆಗೂಡಿನ ಮೇಲಿಟ್ಟೆ. ಕಷಾಯ ಕುಡಿದ ಭಾವ "ಇದು ಕಷಾಯವೋ, ಸುಟ್ಟ ಚಿಪ್ಪೋ?" ಎಂದರು!

ಈಗ ಅಟ್ಟದ ನೆರಳಿನಲ್ಲಿ ಹಳೆಯ ಸೊಳ್ಳೆಪರದೆ ಬಿಗಿದು, ಅದರ ಮೇಲೆ ಒಂದೇ ಪದರ ಹರಡುತ್ತೇನೆ. ಕೆಳಗಿಂದಲೂ ಗಾಳಿಯಾಡಬೇಕು, ಅಲ್ವಾ? ಬೇಸಿಗೆಯಲ್ಲಿ ನಾಲ್ಕೈದು ದಿನ ಸಾಕು. ಮಜ್ಜಿಗೆಹುಲ್ಲನ್ನು ಬೆರಳುದ್ದ ಕತ್ತರಿಸಿ ಹಾಕಿ, ಇಲ್ಲವಾದರೆ ಬುಡ ಒಣಗುವುದೇ ಇಲ್ಲ.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮಾತ್ರ ನೆರಳನ್ನು ನಂಬಬೇಡಿ. ನಮ್ಮ ಕಾಸರಗೋಡಿನ ತೇವದಲ್ಲಿ ಎಲೆ ಒಣಗುವ ಮೊದಲೇ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ಬೂಸ್ಟು ಬಂದದ್ದನ್ನು ತೊಳೆದು ಬಳಸಬೇಡಿ, ಸುಮ್ನೆ ಗೊಬ್ಬರಕ್ಕೆ ಹಾಕಿ. ಮಳೆಗಾಲದಲ್ಲಿ ಕರೆಂಟಿನ ಡ್ರೈಯರ್ ಒಳ್ಳೆಯದು, 40 ಡಿಗ್ರಿ ಆಸುಪಾಸಿನಲ್ಲಿ ಇಡಿ.

ದಂಟು ಬಗ್ಗದೆ 'ಟಕ್' ಎಂದು ಮುರಿದರೆ ಡಬ್ಬಿಗೆ ತುಂಬಬಹುದು. ಪುಡಿ ಮಾತ್ರ ಬೇಕಾದಾಗಲೇ ಮಾಡಿ.